ತುಂಬಿದ ಕಪ್ಪು

ಇಜ್ಮಿರ್, ಭಾನುವಾರ

ಕುತಾಯ್,

ನಿನಗೆ ಮದುವೆಯಾಗಿದೆಯಂತೆ, ಹಾಗಾಗಿ ಇದನ್ನು ಕಳಿಸುವುದಿಲ್ಲ.

ನಿನ್ನೆ ತೋಲ್ಗಾನ ಮನೆಯವರು ನನ್ನನ್ನು ಹೆಣ್ಣು ಕೇಳಲು ಬಂದಿದ್ದರು. ನಾನು ಕಾಫಿ ಮಾಡುವಾಗ ಚಿಕ್ಕಮ್ಮ ಪಕ್ಕದಲ್ಲೇ ನಿಂತು, "ಪದ್ಧತಿ ಗೊತ್ತಲ್ಲ, ಹುಡುಗನ ಕಪ್ಪಿಗೆ ಸಕ್ಕರೆ ಬೇಡ, ಉಪ್ಪು ಹಾಕೇ. ಮುಖ ಕಿವುಚದೆ ಕುಡಿದ್ರೆ ನಿನ್ನನ್ನೂ ಸಹಿಸ್ಕೋತಾನೆ," ಎಂದರು. ಹಾಕಿದೆ.

ತೋಲ್ಗಾ ಒಂದು ಗುಟುಕು ಕುಡಿದು ಕೆಮ್ಮಿದ. "ಇದು ನನ್ನ ಕೈಲಾಗಲ್ಲಪ್ಪ," ಎಂದು ನಕ್ಕು ಕಪ್ಪನ್ನು ಕೆಳಗಿಟ್ಟ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳ್ಳೆಯವನು. ಅಪ್ಪ ಒಪ್ಪಿದರು, ಉಂಗುರವೂ ಆಯಿತು.

ಹೈಸ್ಕೂಲಿನಲ್ಲಿ ನಾವಿಬ್ಬರೂ ಪ್ರೇಮಿಗಳೆಂದು ಎಲ್ಲರನ್ನೂ ನಂಬಿಸಿದ್ದೆವಲ್ಲ. ನನ್ನನ್ನು ಬಿಟ್ಟುಹೋದವನ ಹೊಟ್ಟೆ ಉರಿಸಲು ನಾನೇ ನಿನ್ನನ್ನು ಕೇಳಿದ್ದೆ. "ಪರೀಕ್ಷೆ ಮುಗಿಯೋವರೆಗೆ ತಾನೇ, ಸರಿ ಬಿಡು," ಎಂದಿದ್ದೆ ನೀನು. ಒಂದು ದಿನ ಗೆಳತಿಯರು ಕ್ಯಾಂಟೀನಿನಲ್ಲಿ ನಿನ್ನನ್ನು ಕೂರಿಸಿ ಇದೇ ಆಟ ಹೂಡಿದರು. ಉಪ್ಪು ಸುರಿದವಳು ನಾನೇ. ನೀನು ತಳದ ಗಸಿ ಕಾಣುವವರೆಗೂ ನಿಧಾನವಾಗಿ ಕುಡಿದು, "ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು," ಎಂದೆ. ಸಂಜೆ ದೋಣಿಗಟ್ಟೆಯತ್ತ ನಡೆಯುವಾಗ ನಾನು, "ನಟನೇಲಿ ನಿನ್ನ ಮೀರಿಸೋರಿಲ್ಲ ಕಣೋ," ಎಂದೆ. ನೀನು ಸಮುದ್ರದ ಕಡೆ ನೋಡುತ್ತ, "ಮತ್ತೇನಂದ್ಕೊಂಡೆ," ಎಂದೆ, ಅಷ್ಟೇ.

ನಿನ್ನೆ ಅವರೆಲ್ಲ ಹೋದ ಮೇಲೆ ಪಾತ್ರೆ ತೊಳೆಯಲು ನಿಂತೆ. ಆ ಒಂದು ಗುಟುಕು ಬಿಟ್ಟರೆ ತೋಲ್ಗಾನ ಕಪ್ಪು ಹಾಗೇ ತುಂಬಿತ್ತು. ಕುಡಿದು ನೋಡಿದೆ. ನುಂಗಲಾಗಲಿಲ್ಲ, ಸಿಂಕಿಗೆ ಉಗಿದೆ.

ಆವತ್ತು ನಾನು ನಿನಗೆ ಹಾಕಿದ್ದು ಇದರ ಎರಡರಷ್ಟು.