ರೋಲರ್ ಮುಂದೆ ಕೈ ಎತ್ತಿದ ಹುಡುಗಿ

ಲಾಂಡ್ರಿಯ ಹಿಂದಿನ ಕೋಣೆ,
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಕುರ್ಚಿಯಲ್ಲಿ ಕೂತು ಬರೆಯುವುದು ಸುಖದ ಕೆಲಸ ಎಂದು ಇಷ್ಟು ವರ್ಷ ನಿನ್ನನ್ನು ಆಡಿಕೊಂಡಿದ್ದೇನೆ. ಆ ಮಾತನ್ನು ವಾಪಸು ತೆಗೆದುಕೊಳ್ಳುವುದಿಲ್ಲ, ಆದರೆ ಬೆನ್ನಿಗೆ ಒಂದು ದಿಂಬು ಇಟ್ಟುಕೋ. ಅತ್ತಿಗೆ ಮೊನ್ನೆ ಬಂದಿದ್ದರು. ನೀನು ಅಲ್ಲಿ ಎರಡು ಹೊತ್ತೂ ಬ್ರೆಡ್ಡು ತಿಂದು ದಿನ ದೂಡುತ್ತಿದ್ದೀಯ ಎಂದು ಬೇಜಾರು ಮಾಡಿಕೊಂಡರು. ನನ್ನ ಆರೋಗ್ಯ ಕೇಳಿದ್ದೀಯ. ಮೆಟ್ಟಿಲು ಕಂಡರೆ ಮಂಡಿ ಮುನಿಸಿಕೊಳ್ಳುತ್ತದೆ, ಉಳಿದದ್ದು ನಡೆಯುತ್ತಿದೆ. ಈ ಸುಸ್ತು ಮಾತ್ರ ಎಲ್ಲಿಯದೋ ಗೊತ್ತಿಲ್ಲ, ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಕಾಯುತ್ತಿರುತ್ತದೆ.

ಶಾಲೆಯ ಮಕ್ಕಳನ್ನು ಕೆಲಸ ಕಲಿಯಲು ಅಂಗಡಿ, ಕಾರ್ಖಾನೆಗಳಿಗೆ ಕಳಿಸುವ ನಿನ್ನ ಏರ್ಪಾಡು ಚೆನ್ನಾಗಿದೆ ಎಂದು ಮೇಲಿನವರು ಮೆಚ್ಚಿದರು. ಮೆಚ್ಚಿ, ಅದನ್ನು ನಡೆಸುತ್ತಿದ್ದ ನಿನ್ನನ್ನೇ ಎಬ್ಬಿಸಿಕೊಂಡು ಹೋಗಿ ಅದರ ಬಗ್ಗೆ ಪಠ್ಯಪುಸ್ತಕ ಬರೆಯಲು ಕೂರಿಸಿದರು. ಹಾಲು ಚೆನ್ನಾಗಿ ಕೊಡುತ್ತದೆ ಎಂದು ಹಸುವನ್ನು ಪ್ರದರ್ಶನಕ್ಕೆ ಕಳಿಸಿದ ಹಾಗಾಯಿತು. ಇಲ್ಲಿ ಕೊಟ್ಟಿಗೆ ಖಾಲಿ. ಮೂರನೇ ಅಧ್ಯಾಯಕ್ಕೆ ನಿನ್ನ ಲಾಂಡ್ರಿಯಿಂದ ಒಂದು ಯಶಸ್ಸಿನ ಕಥೆ ಕಳಿಸು ಎಂದು ಬರೆದಿದ್ದೀಯ. ಯಶಸ್ಸು ಸದ್ಯಕ್ಕೆ ಸ್ಟಾಕಿನಲ್ಲಿಲ್ಲ. ಇರುವುದನ್ನು ಕಳಿಸುತ್ತಿದ್ದೇನೆ.

ಈ ಸಲ ನಿನ್ನ ಶಾಲೆಯಿಂದ ಬಂದ ಮಕ್ಕಳಲ್ಲಿ ವ್ಯಾನ್ ಡ್ರೈವರನ ಮಗಳೊಬ್ಬಳಿದ್ದಾಳೆ. ಮೊದಲ ದಿನ ಮೇಸ್ತ್ರಿ ಹೆಸರು ಕೂಗಿದಾಗ ಎದ್ದು ನಿಂತು "ಪ್ರೆಸೆಂಟ್ ಸರ್" ಅಂದಳು. ಅವತ್ತಿನಿಂದ ನಮ್ಮ ಹೆಂಗಸರ ಬಾಯಲ್ಲಿ ಅವಳು ಪ್ರೆಸೆಂಟು. "ಪ್ರೆಸೆಂಟೂ, ಆ ಬುಟ್ಟಿ ಈ ಕಡೆ ತಳ್ಳು ಕಂದಾ" ಅಂದರೆ ನಗುತ್ತಾ ತಳ್ಳುತ್ತಿದ್ದಳು. ಅವಳು ಮಡಚಿದ ಚಾದರದ ಅಂಚಿಗೆ ಅಂಚು ಕೂಡುತ್ತಿತ್ತು. ಪರೀಕ್ಷೆ ಮುಗಿಸಿಕೊಂಡು ಬಂದರೆ ಇವಳನ್ನು ಇಟ್ಟುಕೊಳ್ಳಬಹುದು ಎಂದು ಮನಸ್ಸಿನಲ್ಲೇ ಒಂದು ಟಿಕ್ ಹಾಕಿದ್ದೆ.

ಕಳೆದ ವಾರ ಅವಳನ್ನು ದೊಡ್ಡ ರೋಲರ್ ಮುಂದೆ ನಿಲ್ಲಿಸಿದೆವು. ನಿನಗೆ ಗೊತ್ತಲ್ಲ, ಒದ್ದೆ ಚಾದರವನ್ನು ಈ ಕಡೆ ಕೊಟ್ಟರೆ ಬಿಸಿ ಉರುಳೆಯನ್ನು ಹಾದು ಆ ಕಡೆ ಇಸ್ತ್ರಿಯಾಗಿ ಬರುತ್ತದೆ. ಅವತ್ತು ಒಂದು ಚಾದರ ಆ ಕಡೆ ಬರಲೇ ಇಲ್ಲ, ಉರುಳೆಗೇ ಸುತ್ತಿಕೊಂಡಿತು. ಸೀದ ವಾಸನೆ ಬಂತು. ಆ ಕಡೆ ಚಾದರ ತೆಗೆಯುವವಳು ಗಾಡಿ ತರಲು ಹೋಗಿದ್ದಳು, ಮೇಸ್ತ್ರಿ ಬೆನ್ನು ತಿರುಗಿಸಿ ಸೋಪಿನ ಡಬ್ಬ ಎಣಿಸುತ್ತಿದ್ದ. ಮೊದಲು ಕಂಡದ್ದು ಈ ಹುಡುಗಿಗೇ. ಕಂಡ ತಕ್ಷಣ, ಅಣ್ಣಾ, ಅವಳು ಬಲಗೈ ಎತ್ತಿದಳು. ಎತ್ತಿಕೊಂಡು ಸುಮ್ಮನೆ ನಿಂತಳು. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಎಡಗೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಹೊಗೆ ಎದ್ದು ಮೇಸ್ತ್ರಿ ತಿರುಗಿ ನೋಡುವವರೆಗೂ ಅವಳ ಕೈ ಮೇಲೆಯೇ ಇತ್ತು. ಉರುಳೆಯ ಹೊದಿಕೆ ಸುಟ್ಟಿತು, ಮೋಟಾರು ಕೂತುಹೋಯಿತು, ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಚಾದರ ಕೊಡಲಾಗದೆ ನಾನು ಬೈಸಿಕೊಂಡೆ. ಯಾರ ಮೈಗೂ ಏನೂ ಆಗಲಿಲ್ಲ, ಅದೊಂದೇ ಲಾಭ.

"ಬಾಯಿ ಇಲ್ವಾ ನಿಂಗೆ? ಒಂದ್ಸಲ ಕೂಗಬಾರದಿತ್ತಾ?" ಎಂದು ಮೇಸ್ತ್ರಿ ಹಾರಾಡಿದ. ಅವಳು ಮೆಲ್ಲಗೆ, "ಕೇಳದೆ ಏನೂ ಮುಟ್ಟಬೇಡ ಅಂತ ನೀವೇ ಹೇಳಿದ್ರಿ ಸರ್. ಕೇಳೋಕೇ ಕೈ ಎತ್ತಿದೆ. ಕ್ಲಾಸಲ್ಲಿ ಕೂಗಿದ್ರೆ ಹೊರಗೆ ನಿಲ್ಲಿಸ್ತಾರೆ" ಅಂದಳು. ಮೇಸ್ತ್ರಿ ನನ್ನ ಕಡೆ ನೋಡಿದ. ಇಷ್ಟು ವರ್ಷ ಕೂರಿಸಿಕೊಂಡು ನೀವು ಅವಳ ಬಾಯಿ ಮುಚ್ಚಿಸಿದಿರಿ, ಬಂದ ದಿನವೇ ನಾವು ಅವಳ ಕೈ ಕಟ್ಟಿದೆವು. ನಷ್ಟದಲ್ಲಿ ಅರ್ಧ ನಿನ್ನ ಪಾಲಿಗೆ ಬರೆದಿದ್ದೇನೆ, ಅರ್ಧ ನನ್ನ ಪಾಲಿಗೆ. ಬೇಕಾದರೆ ನಿನ್ನ ಪುಸ್ತಕದಲ್ಲಿ ಹಾಕಿಕೋ.

ನಿನ್ನ ಕುರ್ಚಿಯಲ್ಲಿ ಈಗ ಕೂತಿರುವ ಪ್ರಭಾರ ಹೆಡ್ಮಾಸ್ತರು ಮರುದಿನವೇ ಬಂದರು. ಒಳ್ಳೆಯವರೇ, ಆದರೆ ನೆಗಡಿಯಾದರೆ ಮೂಗು ಕೊಯ್ಯುವ ಪೈಕಿ. "ಇವಳೊಬ್ಬಳಿಂದ ಉಳಿದ ಅಂಗಡಿಯವರೂ ಮಕ್ಕಳು ಬೇಡ ಅಂದ್ಬಿಟ್ರೆ ನಾನು ಹೆಡ್ಮಾಸ್ತರಿಗೆ ಏನ್ ಹೇಳ್ಲಿ ಮೇಡಂ?" ಎಂದು ಅವಳ ಹೆಸರನ್ನು ಹೊಡೆದುಹಾಕಿದರು. ಹೆಸರು ಹೋದರೆ ಕೆಲಸದ ಅಂಕ ಇಲ್ಲ, ಆ ಅಂಕ ಇಲ್ಲದಿದ್ದರೆ ಈ ವರ್ಷ ಪಾಸಿಲ್ಲ. ನಿಯಮ ಮಾಡಿದವನು ನೀನೇ. ಅವಳ ಅಪ್ಪ ಕ್ಷಮೆ ಕೇಳಲು ಬಂದಿದ್ದ. "ಓದಿದ್ದು ಸಾಕು ಬಿಡಿ ಮೇಡಂ. ಅವಳ ದೊಡ್ಡಮ್ಮನ ಮನೇಲಿ ಎಳೆ ಮಗು ಇದೆ, ನೋಡ್ಕೊಂಡಿರ್ಲಿ. ಭಾನುವಾರ ಬಿಟ್ಟುಬರ್ತೀನಿ" ಅಂದ. ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಈ ಸಲ ಕೈ ಕೂಡ ಎತ್ತಲಿಲ್ಲ.

ಪಕ್ಕದ ಬೇಕರಿಯವನು ದಿನಾ ಕೆಣಕುತ್ತಾನೆ, "ಏನಕ್ಕಾ, ನಿಮ್ಮ ಸ್ಕೂಲು ಹೊಗೆ ಹಾಕ್ಕೊಂಡು ನಡೀತಾ ಇದೆಯಂತೆ?" ಎಂದು. ನನಗೂ ಸಾಕಾಗಿದೆ ಅಣ್ಣಾ. ಮಕ್ಕಳು ಬೇಡ ಎಂದುಬಿಡುವುದು ಬಲು ಸುಲಭದ ವ್ಯವಹಾರ. ಆದರೆ ಅದರಲ್ಲಿ ನಷ್ಟವೆಲ್ಲ ಒಬ್ಬಳ ತಲೆಗೇ ಬೀಳುತ್ತದೆ. ಅಂಥ ಲೆಕ್ಕ ನನಗೆ ಕೂಡಿಸಲು ಬರುವುದಿಲ್ಲ. ಏನು ಮಾಡಬಹುದು, ಯೋಚಿಸಿ ಬರೆ.

ದೊಡ್ಡವನೆಂದು ನಿನಗೊಂದು ನಮಸ್ಕಾರ, ಮೊಂಡನೆಂದು ಒಂದು ಗುದ್ದು. ಹೊತ್ತಿಗೆ ಸರಿಯಾಗಿ ಮಲಗು.

ನಿನ್ನ ತಂಗಿ

ಮರೆತ ಮಾತು, ಶನಿವಾರ: ಲಕೋಟೆ ಚೀಲದಲ್ಲೇ ಉಳಿದಿತ್ತು, ಬಿಚ್ಚಿ ಬರೆಯುತ್ತಿದ್ದೇನೆ. ನೀನು ಯೋಚಿಸಿ ಮುಗಿಸುವಷ್ಟರಲ್ಲಿ ಭಾನುವಾರ ಬಂದುಬಿಡುತ್ತದೆ ಎಂದು ನಿನ್ನೆ ನಾನೇ ಅವರ ಮನೆಗೆ ಹೋದೆ. ದೊಡ್ಡ ಹೆಡ್ಮಾಸ್ತರು, ಅಂದರೆ ನೀನು, ಹುಡುಗಿಯನ್ನು ವಾಪಸು ಸೇರಿಸಿಕೊಂಡಿದ್ದಾರೆ ಎಂದು ಅವಳ ಅಪ್ಪನಿಗೆ ಹೇಳಿದೆ. ಒಪ್ಪಿಕೊಂಡ. ಮೋಟಾರು ರಿಪೇರಿಯಾಗಿದೆ, ಅವಳು ಇವತ್ತು ಕೆಲಸಕ್ಕೆ ಬಂದಿದ್ದಾಳೆ. ಬೆಳಿಗ್ಗೆ "ನಿಲ್ಸಿ, ನಿಲ್ಸಿ" ಎಂದು ಕಿರುಚಿದಳು. ಎಲ್ಲರೂ ಎದ್ದುಬಿದ್ದು ಓಡಿಬಂದು ನೋಡಿದರೆ ಒಂದು ದಿಂಬಿನ ಚೀಲ ಮಡಚಿಕೊಂಡಿತ್ತು, ಅಷ್ಟೇ. ಯಾರೂ ಅವಳನ್ನು ಬೈಯಕೂಡದು ಎಂದು ಹೇಳಿದ್ದೇನೆ. ಪ್ರಭಾರದವರು ನಿನ್ನ ಒಪ್ಪಿಗೆಯ ಕಾಗದ ಎಲ್ಲಿ ಎಂದು ಕೇಳಿದರು, ಅಂಚೆಯಲ್ಲಿದೆ ಅಂದೆ. ಆದ್ದರಿಂದ ಇದನ್ನು ಓದಿದ ಕೂಡಲೇ ಅವಳ ಹೆಸರು ಸೇರಿಸಲು ಅವರಿಗೆ ಬರೆ, ಮೊನ್ನೆಯ, ಹದಿನಾಲ್ಕರ ತಾರೀಖು ಹಾಕು. ಹುಟ್ಟಿದಾಗಿನಿಂದ ನೀನು ಒಂದು ಸುಳ್ಳು ತಾರೀಖು ಬರೆದವನಲ್ಲ, ಗೊತ್ತು. ಅದಕ್ಕೇ ಎಲ್ಲರೂ ನಂಬುತ್ತಾರೆ.