ಬಾಯಿಗೆ ಅಡ್ಡ ಹಿಡಿದ ಕೈ

ಮಾತೊಸಿನ್ಯೊಸ್
ಮಾರ್ಚ್ 14, ಶುಕ್ರವಾರ ಬೆಳಿಗ್ಗೆ

ನನ್ನ ಮುದ್ದು ತೆಲ್ಮಾ,

ಅಮ್ಮನ ಮುತ್ತುಗಳು. ಅದರಲ್ಲಿ ಎರಡನ್ನು ನನ್ನ ಮೊಮ್ಮಗಳು ನೈಮಾಳ ಕೆನ್ನೆಗೆ ಎತ್ತಿಡು.

ಈ ಕಾಗದ ಲಕ್ಸಂಬರ್ಗ್ ಸೇರುವ ಹೊತ್ತಿಗೆ ನಿನ್ನ ತಮ್ಮ ಸಾಂಡ್ರೊ ನಿನಗೆ ಫೋನ್ ಮಾಡಿ ಎಲ್ಲ ಹೇಳಿರುತ್ತಾನೆ. ಅವನು ಹೇಳಿದ್ದನ್ನು ಒಂದು ಪಕ್ಕಕ್ಕಿಟ್ಟು ಇದನ್ನು ಓದು. ಫೋನಿನ ಪರದೆಯಲ್ಲಿ ಮುಖ ತೋರಿಸಿಯೇ ಹೇಳಬಹುದಿತ್ತು. ಆದರೆ ನಿನಗೆ ನನ್ನ ಮುಖ ಓದುವುದು ಚೆನ್ನಾಗಿ ಗೊತ್ತು, ಅದಕ್ಕೇ ಬೇಡ ಅನ್ನಿಸಿತು. ಕಾಗದದಲ್ಲಾದರೆ ನಾನು ಎಲ್ಲೆಲ್ಲಿ ತಡವರಿಸಿದೆ ಅಂತ ಕಾಣುವುದಿಲ್ಲ.

ನಿನಗೆ ಗೊತ್ತಿರುವುದನ್ನೇ ಕೆಲವು ಕಡೆ ಮತ್ತೆ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡ. ನಿನ್ನೆ ಲಿಸ್ಬನ್ನಿನಲ್ಲಿ ಫುಟ್‌ಬಾಲ್ ಶಿಸ್ತು ಮಂಡಳಿಯವರ ಮುಂದೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಆರು ವರ್ಷದವಳಿದ್ದಾಗ ಮೆದುಳು ಜ್ವರ ಬಂದು ಕಿವಿ ಹೋಯಿತು, ಮೂವತ್ತೊಂದು ವರ್ಷ ಸಾರ್ಡೀನ್ ಕಾರ್ಖಾನೆಯಲ್ಲಿ ಡಬ್ಬಿಗೆ ಮೀನು ಜೋಡಿಸಿದೆ, ಹೀಗೆ. ಅದೇ ರೂಢಿ ಇನ್ನೂ ಕೈಯಲ್ಲಿದೆ.

ಫೆಬ್ರವರಿಯ ಆ ಪಂದ್ಯವನ್ನು ನೀನೂ ವಾಲ್ದಿರನೂ ನೋಡಿದ್ದೀರಿ. ಪಾಪ, ಅಳಿಯ ನಮ್ಮ ಬಂದರಿನ ತಂಡದ ಕೆಂಪು ಶಾಲು ಹೊದ್ದುಕೊಂಡೇ ಕೂತಿದ್ದನಂತೆ, ಸಾಂಡ್ರೊಗೋಸ್ಕರ. ನಮ್ಮ ಗೋಲ್‌ಕೀಪರ್ ಮೊಣಕಾಲು ಹಿಡಿದುಕೊಂಡು ಬಿದ್ದಾಗ ಚೆಂಡು ಇದ್ದದ್ದು ನದಿಯಾಚೆಯ ತಂಡದ ಅನಿಲ್ಟನ್ ಕಾಲಲ್ಲಿ. ಎದುರಿಗೆ ಖಾಲಿ ಗೋಲು. ಆತ ಒಂದು ಕ್ಷಣ ಬಿದ್ದವನನ್ನು ನೋಡಿ ಚೆಂಡನ್ನು ಗೆರೆಯಾಚೆ ಒದ್ದುಬಿಟ್ಟ. ನಮ್ಮವರೂ ಚಪ್ಪಾಳೆ ತಟ್ಟಿದರು. ಹಾಗೆ ಬಿಟ್ಟುಕೊಟ್ಟ ಚೆಂಡನ್ನು ಅವರಿಗೇ ವಾಪಸ್ ಕೊಡಬೇಕು ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಮೀನು ಮಾರ್ಕೆಟ್ಟಿನ ಹಿಂದೆ ಆಡುವ ಚಿಲ್ಟುಗಳೂ ಕೊಡುತ್ತವೆ. ನಿನ್ನ ತಮ್ಮ ಕೊಡಲಿಲ್ಲ. ಚೆಂಡನ್ನು ಬೇಗ ಒಳಗೆಸೆದು, ತಾನೇ ತಿರುಗಿ ಇಸಿದುಕೊಂಡು, ಎದುರಾಳಿಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿರುವಾಗಲೇ ಗೋಲು ಹೊಡೆದ. ನನ್ನ ಸುತ್ತ ಎಲ್ಲರೂ ಎದ್ದು ಕುಣಿದರು. ನಾನು ಏಳಲಿಲ್ಲ. ಅವನ ಗೋಲಿಗೆ ನಾನು ಕೂತೇ ಇದ್ದದ್ದು ಅದೇ ಮೊದಲು.

ಆಮೇಲೆ ಅನಿಲ್ಟನ್ ಬಂದು ಕೇಳಿದ. ಎರಡೂ ಕೈ ಅಗಲಿಸಿ, ಇದೇನಪ್ಪಾ ನೀನು ಮಾಡಿದ್ದು, ಅಂತ. ಬಾಯಿ ಅಷ್ಟು ಸ್ಪಷ್ಟವಾಗಿ ತೆರೆದುಕೊಂಡಿತ್ತು, ಯಾರು ಬೇಕಾದರೂ ಓದಬಹುದಿತ್ತು. ಸಾಂಡ್ರೊ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದ. ಈಗಿನ ಆಟಗಾರರೆಲ್ಲ ಹಾಗೇ, ಮಧ್ಯಾಹ್ನ ಏನು ತಿಂದೆ ಅಂತ ಕೇಳುವುದಕ್ಕೂ ಕೈ ಅಡ್ಡ, ಕ್ಯಾಮೆರಾ ತುಟಿ ಓದೀತು ಅಂತ. ಅನಿಲ್ಟನ್ ನಿಂತಲ್ಲೇ ನಿಂತ. ಆಮೇಲೆ ಸೀದಾ ರೆಫರಿಯ ಹತ್ತಿರ ಹೋದ. ಆಟ ಹನ್ನೊಂದು ನಿಮಿಷ ನಿಂತಿತು. ನನ್ನ ಸಾಲಿನವರೆಲ್ಲ ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆಯುತ್ತಿದ್ದರು, ನಾಟಕ, ನಾಟಕ ಅನ್ನುತ್ತಿದ್ದರು. ಪಕ್ಕದ ಮನೆಯ ಅಲ್ಜೀರಾ ಕೂಡ. ವಾರಕ್ಕೆರಡು ಸಲ ಚರ್ಚಿಗೆ ಹೋಗುವವಳು.

ಸಾಂಡ್ರೊ ರೆಫರಿಗೆ ಹೇಳಿದ್ದು, ಪತ್ರಿಕೆಗೆ ಹೇಳಿದ್ದು, ನಿನಗೂ ಹೇಳಿದ್ದು ಒಂದೇ: ನಾನು ಅಂದದ್ದು ಇಷ್ಟೇ, ಹೋಗಿ ಆಟ ಆಡು ಮಾರಾಯ, ಅಳಬೇಡ. ಅನಿಲ್ಟನ್ ಹೇಳಿದ್ದು ಬೇರೆ. ತನ್ನ ಕಪ್ಪು ಚರ್ಮಕ್ಕೆ, ತನ್ನ ಅಮ್ಮನ ಬಣ್ಣಕ್ಕೆ ಸೇರಿಸಿ ಒಂದು ಮಾತು ಅಂದ ಅಂತ. ರೆಫರಿಗೆ ಕೇಳಿಸಿಲ್ಲ, ಮೈಕಿಗೆ ಸಿಕ್ಕಿಲ್ಲ, ಕ್ಯಾಮೆರಾಗೆ ಕಂಡದ್ದು ಬರೀ ಕೈ. ಮೂರೇ ದಿನದಲ್ಲಿ ಅನಿಲ್ಟನ್ ಸುಳ್ಳುಗಾರ ಆದ. ಅವನನ್ನು ಆಟದಿಂದ ಹೊರಗಿಡಬೇಕು ಅಂತ ಗೋಡೆಗಳ ಮೇಲೆ ಬರೆದರು. ನಮ್ಮ ಬೀದಿ ಗೋಡೆಯ ಮೇಲೂ.

ಈಗ ಕೇಳು. ಕ್ಯಾಮೆರಾಗಳಿರುವುದು ಪಶ್ಚಿಮದ ಕಡೆ. ನಾನು ಕೂರುವುದು ಪೂರ್ವದ ಕಡೆ, ನಾಲ್ಕನೇ ಸಾಲು, ಮೂಲೆಯಲ್ಲಿ. ಕೈ ಅಡ್ಡವಿದ್ದದ್ದು ಕ್ಯಾಮೆರಾಗೆ, ಎದುರಿಗಿದ್ದ ಅನಿಲ್ಟನ್‌ಗಲ್ಲ. ನನಗೂ ಅಲ್ಲ.

ಆದರೂ ನನಗೆ ನನ್ನ ಮೇಲೇ ಅನುಮಾನ. ಅರವತ್ತೇಳಾಯಿತು, ಒಂದು ಕಣ್ಣಿಗೆ ಪೊರೆ ಬರುತ್ತಿದೆ, ಕಂಡದ್ದು ಒಂದು ಕೆನ್ನೆ, ಅರ್ಧ ಬಾಯಿ. ಕಾರ್ಖಾನೆಯಲ್ಲಿ ನಾವು ಎದುರುಬದುರು ನಿಲ್ಲುತ್ತಿರಲಿಲ್ಲ, ಸಾಲಾಗಿ ನಿಲ್ಲುತ್ತಿದ್ದೆವು. ಹಾಗಾಗಿ ನಾನು ಬಾಯಿ ಓದುವುದನ್ನು ಕಲಿತದ್ದೇ ಪಕ್ಕದಿಂದ. ಅದು ಬೇರೆ ಮಾತು. ತಪ್ಪಾಗಿ ಕಂಡಿರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಮೂರು ದಿನ ಹಾಗೇ ಹೇಳಿಕೊಂಡು ಸೂಪು ಮಾಡಿದೆ, ಬಟ್ಟೆ ಒಗೆದೆ.

ಬುಧವಾರ ಸಾಂಡ್ರೊ ಹೂ ತಂದ. ಹುಟ್ಟುಹಬ್ಬಕ್ಕೇ ಹೂ ತರದವನು. ಗಡ್ಡ ಬಿಡಲು ಶುರುಮಾಡಿದ್ದ. ಇದೇನೋ ವೇಷ ಅಂದರೆ, ಈಗ ಎಲ್ಲರೂ ಬಿಡುತ್ತಾರೆ ಅಂದ. ಮುಂದಿನ ವಾರ ಬರುವಷ್ಟರಲ್ಲಿ ಮೀಸೆ ಮೇಲ್ತುಟಿಯ ಮೇಲೆ ಇಳಿಯತೊಡಗಿತ್ತು. ನಮ್ಮ ಮನೆಯ ಕಟ್ಟಳೆ ನಿನಗೆ ಗೊತ್ತಲ್ಲ, ಬೆಳಕಿಗೆ ಮುಖ ಮಾಡಿ ಮಾತಾಡಬೇಕು. ಆ ಕಟ್ಟಳೆಯನ್ನು ನಿಮ್ಮಪ್ಪ ಜಗಳದಲ್ಲೂ ಮುರಿದವರಲ್ಲ. ಇವನು ಫ್ರಿಜ್ಜಿನೊಳಗೆ ತಲೆ ಹಾಕಿಕೊಂಡು ಮಾತಾಡಿದ. ಅವನ ಬೆನ್ನು ಅಲುಗುವುದು ಕಾಣುತ್ತಿತ್ತು, ಮಾತಾಡುತ್ತಿದ್ದಾನೆ ಅಂತ ಗೊತ್ತಾಗುತ್ತಿತ್ತು, ಅಷ್ಟೇ. ಹೋಗುವಾಗ ಒಂದು ಲಕೋಟೆ ಕೊಟ್ಟ, ಒಳಗೆ ಪಂದ್ಯದ ಟಿಕೆಟ್ಟು. ಇನ್ನು ಮೇಲೆ ಪಶ್ಚಿಮದ ಕಡೆ ಮೆತ್ತನೆ ಕುರ್ಚಿಯಂತೆ, ಗಾಜಿನ ಹಿಂದೆಯಂತೆ, ಕಾಫಿ ತಂದುಕೊಡುತ್ತಾರಂತೆ. ಹನ್ನೆರಡು ವರ್ಷದಿಂದ ನಾನು ಆ ಮೂಲೆಯಲ್ಲಿ ಚಳಿಗಾಳಿಗೆ ಕೂತದ್ದು ಅವನಿಗೆ ಅವತ್ತೇ ನೆನಪಾಗಬೇಕಿತ್ತೇ?

ಆಮೇಲೆ ಅವನ ಜೊತೆ ಕ್ಲಬ್ಬಿನ ವಕೀಲರು ಬಂದರು, ಕೈಯಲ್ಲಿ ಮೊಟ್ಟೆ ಕೇಕಿನ ಡಬ್ಬಿ. ಕೇಕು ತರುವ ವಕೀಲರನ್ನು ನಾನು ನಂಬುವುದಿಲ್ಲ. ಸಾಂಡ್ರೊನ ಬಾಲ್ಯದ ಫೋಟೋ ಇದ್ದರೆ ಕೊಡಿ, ಒಳ್ಳೆಯ ಮನೆತನದವನು ಅಂತ ತೋರಿಸಬೇಕು ಅಂದರು. ಮಾತಿನ ನಡುವೆ, ಅಮ್ಮಾ ನೀವು ಪಂದ್ಯದ ದಿನ ಎಲ್ಲಿ ಕೂತಿದ್ರಿ ಅಂತ ಕೇಳಿದರು. ಹೇಳಿದೆ. ಅವರ ಕೈಯಲ್ಲಿದ್ದ ಪೆನ್ನು ನಿಂತಿತು. ಹಾಗಾದ್ರೆ ನೀವೇ ನೋಡಿದ್ದೀರಲ್ಲ, ತುಟಿ ಓದುವವರು ಬೇರೆ, ಅದೂ ಹೆತ್ತ ತಾಯಿ, ನೀವು ಬಂದು ಎರಡು ಮಾತು ಹೇಳಿದ್ರೆ ಅಲ್ಲಿಗೆ ಮುಗೀತು, ಅಂದರು. ಅವರಿಗೆ ಲಾಟರಿ ಹೊಡೆದಷ್ಟು ಖುಷಿ.

ನಿನ್ನ ತಮ್ಮನ ಮುಖ ನೋಡಬೇಕಿತ್ತು. ಖುಷಿಪಡಬೇಕಾದವನು ಬಿಳಿಚಿಕೊಂಡ. ಬೇಡ, ಅಮ್ಮನಿಗೆ ಕಣ್ಣು ಸರಿಯಿಲ್ಲ, ಲಿಸ್ಬನ್ ತನಕ ಯಾಕೆ ಸುಸ್ತು ಮಾಡಬೇಕು, ಅಂದ. ಮೂರು ಸಲ ಅಂದ. ತನ್ನ ಪರವಾಗಿ ಸಾಕ್ಷಿ ಹೇಳಲು ಹೊರಟ ಅಮ್ಮನನ್ನು ತಡೆಯುವ ಮಗನ ಬಗ್ಗೆ ನೀನಾದರೆ ಏನು ಅಂದುಕೊಳ್ಳುತ್ತಿದ್ದೆ?

ವಕೀಲರು ಹೋದ ಮೇಲೆ ಅವನನ್ನು ಅಡುಗೆಮನೆ ಕಿಟಕಿಯ ಹತ್ತಿರ ನಿಲ್ಲಿಸಿದೆ. ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದೆ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ. ಅವತ್ತು ಹೇಳಿದ್ದನ್ನು ಈಗ ಹೇಳು ಅಂದೆ. ಹೋಗಿ ಆಟ ಆಡು ಮಾರಾಯ, ಅಳಬೇಡ, ಅಂದ. ನಾನು ಅವನ ಪಕ್ಕಕ್ಕೆ ಬಂದು ನಿಂತು, ಇನ್ನೊಂದು ಸಲ ಹೇಳು ಅಂದೆ. ಹೇಳಿದ. ಅದು ನಾನು ಅವತ್ತು ಕಂಡ ಮಾತಲ್ಲ, ತೆಲ್ಮಾ. ಅದರ ಹತ್ತಿರದ್ದೂ ಅಲ್ಲ. ಅವನಿಗೂ ಗೊತ್ತಾಯಿತು ನನಗೆ ಗೊತ್ತಾಯಿತು ಅಂತ. ಅದಕ್ಕೇ ಕೂತುಕೊಂಡ. ಅಮ್ಮಾ, ನನಗೆ ಇಪ್ಪತ್ತೊಂಬತ್ತು, ಬೇಸಿಗೆಯಲ್ಲಿ ದೊಡ್ಡ ತಂಡಕ್ಕೆ ಹೋಗುವ ಮಾತಾಗಿದೆ, ಇದೊಂದು ಅಂಟಿಕೊಂಡರೆ ನನ್ನನ್ನು ಯಾರೂ ಮುಟ್ಟಲ್ಲ, ಅಂದ. ಆಮೇಲೆ ಅಂದದ್ದು ಕೇಳು. ನಾನು ಗಟ್ಟಿಯಾಗಿ ಅನ್ನಲೇ ಇಲ್ಲಮ್ಮ, ದನಿಯೇ ತೆಗೆದಿಲ್ಲ, ಅಂದ.

ನಿಮಗಿಬ್ಬರಿಗೂ ದನಿಯಿಲ್ಲದೆ ಮಾತಾಡಲು ಕಲಿಸಿದವಳು ನಾನು. ಬಸ್ಸಿನಲ್ಲಿ, ಚರ್ಚಿನಲ್ಲಿ, ಅಜ್ಜಿಯ ಊಟದ ಮೇಜಿನಲ್ಲಿ ನಾವು ಮೂವರೂ ತುಟಿಯಲ್ಲೇ ಮಾತಾಡಿಕೊಂಡು ನಗುತ್ತಿರಲಿಲ್ಲವೇ? ಮುಗಿದ ಮೇಲೆ ನಾನೇ ಕಣ್ಣು ಮಿಟುಕಿಸಿ, ಯಾರಿಗೂ ಕೇಳಿಸಿಲ್ಲ, ಅಂದರೆ ಅಂದೇ ಇಲ್ಲ, ಅನ್ನುತ್ತಿದ್ದೆ. ನೀನು ಅದನ್ನು ಆಟ ಅಂದುಕೊಂಡೆ. ಅವನು ನಿಜ ಅಂದುಕೊಂಡು ಬೆಳೆದ.

ವಕೀಲರು ಬಿಡಲಿಲ್ಲ, ನಿನ್ನೆ ಲಿಸ್ಬನ್ನಿಗೆ ಹೋದೆ. ಉದ್ದ ಮೇಜು, ಐದು ಜನ, ನಡುವೆ ನರೆಗೂದಲಿನ ಒಬ್ಬ ಹೆಂಗಸು ಅಧ್ಯಕ್ಷೆ. ಅನಿಲ್ಟನ್ ಎದುರಿಗೆ, ಕೋಟು ತೊಟ್ಟು, ಮದುವೆಗೆ ಬಂದವನ ಹಾಗೆ ಬಿಗಿಯಾಗಿ ಕೂತಿದ್ದ. ಪಕ್ಕದಲ್ಲಿ ಅವನ ಅಮ್ಮ. ಅವಳು ನನ್ನ ಕಡೆ ನೋಡಿದ ರೀತಿಯಲ್ಲಿ ಅವಳಿಗೆ ನನ್ನ ಮೇಲೆ ಒಂದು ಚೂರೂ ನಂಬಿಕೆಯಿಲ್ಲ ಅಂತ ತಿಳಿಯಿತು. ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ವಕೀಲರು ನನ್ನ ಭುಜ ತಟ್ಟಿ, ನಿಮ್ಮ ಮಗ ಏನಂದ ಅಂತ ಹೇಳಿ ಅಮ್ಮಾ, ಅಂದರು.

ಆಗ ಸಾಂಡ್ರೊ ನನ್ನನ್ನು ನೋಡಿದ. ಗಡ್ಡ ಬೋಳಿಸಿದ್ದ, ಮಂಡಳಿಯವರೆದುರು ಚೆಂದ ಕಾಣಲಿ ಅಂತ ವಕೀಲರೇ ಹೇಳಿದ್ದಿರಬೇಕು. ದನಿಯಿಲ್ಲದೆ, ಬರೀ ತುಟಿಯಲ್ಲಿ, ಅಮ್ಮಾ ಬೇಡ, ಅಂದ. ಆ ಕೋಣೆಯಲ್ಲಿ ಅದನ್ನು ಕಂಡವಳು ನಾನೊಬ್ಬಳೇ. ಚಿಕ್ಕಂದಿನಲ್ಲಿ ಇಂಜೆಕ್ಷನ್ ಚುಚ್ಚುವ ಮೊದಲು ಹಾಗೇ ಅನ್ನುತ್ತಿದ್ದ.

ಹೇಳಿದೆ. ಅವನು ಅಂದ ಮಾತನ್ನೇ, ಪೂರ್ತಿ, ನನ್ನ ಬಾಯಿಯಿಂದ ಹೇಳಿದೆ. ಇಲ್ಲಿ ಬರೆಯುವುದಿಲ್ಲ. ನಾನು ಆ ಮಾತನ್ನು ಜನ್ಮದಲ್ಲಿ ಕೇಳಿದವಳಲ್ಲ, ನೋಡಿದವಳು ಮಾತ್ರ. ನನ್ನ ಒಡಕು ದನಿಯಲ್ಲಿ ಅದು ಹೇಗೆ ಬಂತೋ. ಅನಿಲ್ಟನ್‌ನ ಅಮ್ಮ ಕಣ್ಣು ಮುಚ್ಚಿಕೊಂಡಳು. ವಕೀಲರು ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದರು. ಅಧ್ಯಕ್ಷೆ ನನ್ನ ಕಡೆ ಬಾಗಿ, ಅರ್ಧ ಬಾಯಿ ನೋಡಿ ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ ಅಂತ ನಿಧಾನವಾಗಿ ಕೇಳಿದರು. ಅದೇ ಬಾಯಿಯಲ್ಲಿ ಅದೇ ಮಾತನ್ನು ಹಿಂದೆ ಒಮ್ಮೆ ನೋಡಿದ್ದೇನೆ ಅಂದೆ. ಎಲ್ಲಿ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹೊರಗೆ ಅನಿಲ್ಟನ್ ಬಂದ. ಯಾರು ಹೇಳಿಕೊಟ್ಟರೋ, ಕಿಟಕಿಯ ಬೆಳಕಿಗೆ ಮುಖ ಮಾಡಿ ನಿಂತು, ನಿಮಗೆ ಕಷ್ಟವಾಯಿತು, ಅಂದ. ಅಷ್ಟೇ. ನಿನಗೋಸ್ಕರ ಹೇಳಿದ್ದಲ್ಲ ಕಣಪ್ಪ ಅಂದೆ. ಅವನಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ.

ತೀರ್ಪು ಸೋಮವಾರ. ಹತ್ತು ಪಂದ್ಯ ಹೊರಗಿಡಬಹುದು ಅನ್ನುತ್ತಾರೆ, ದೊಡ್ಡ ತಂಡದ ಮಾತು ಮುಗಿದ ಹಾಗೆಯೇ. ಸಾಂಡ್ರೊ ನನ್ನನ್ನು ಕಾರಿಗೆ ಹತ್ತಿಸಿಕೊಳ್ಳಲಿಲ್ಲ, ರೈಲಿನಲ್ಲಿ ಬಂದೆ. ಇವತ್ತು ಬೆಳಿಗ್ಗೆ ಬಾಗಿಲು ತೆರೆದರೆ ಕಾಲೊರಸಿನ ಮೇಲೆ ಈ ಮನೆಯ ಕೀಲಿ ಬಿದ್ದಿತ್ತು, ಅವನ ಬಳಿ ಇದ್ದದ್ದು. ನಮ್ಮ ಮನೆಯಲ್ಲಿ ಗಂಟೆ ಒತ್ತಿದರೆ ದೀಪ ಮಿನುಗುತ್ತದಲ್ಲ, ನಾನು ಆರು ಗಂಟೆಯಿಂದ ಆ ದೀಪದ ಕೆಳಗೇ ಕೂತಿದ್ದೆ. ಮಿನುಗಲಿಲ್ಲ. ಅಲ್ಜೀರಾ ಮೆಟ್ಟಿಲಲ್ಲಿ ಎದುರಾಗಿ, ನನಗೆ ಕಾಣದ ಹಾಗೆ ಮುಖ ತಿರುಗಿಸಿಕೊಂಡು ಗಂಡನಿಗೆ ಏನೋ ಹೇಳಿದಳು. ಹೇಳಿಕೊಳ್ಳಲಿ.

ಅವನು ಫೋನ್ ಮಾಡಿದರೆ ಬೈಯಬೇಡ. ಊಟ ಮಾಡಿದನೇ ಅಂತ ಕೇಳು.

ನಿನ್ನನ್ನೂ ಅವನನ್ನೂ ಹೆತ್ತ
ಅಮ್ಮ, ದೆಯೊಲಿಂದಾ

ಮರೆತಿದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಹಿಂದೆ ಒಮ್ಮೆ ನೋಡಿದ್ದು ನಮ್ಮ ಮನೆಯಲ್ಲೇ, ಈ ಸಲದ ಕ್ರಿಸ್‌ಮಸ್ ಮಧ್ಯಾಹ್ನ. ನೀನು ಒಳಗೆ ಮಿಕ್ಕ ಮೀನು ಬಿಸಿ ಮಾಡುತ್ತಿದ್ದೆ. ವಾಲ್ದಿರ್ ನನಗೆ ನೀರು ತರಲು ಎದ್ದು ಬೆನ್ನು ತಿರುಗಿಸಿದ. ಸಾಂಡ್ರೊ ಅವನ ಬೆನ್ನಿನ ಕಡೆ ಕಣ್ಣು ಹೊರಳಿಸಿ, ನನ್ನನ್ನು ನೋಡಿ, ತಮಾಷೆಗೆ ಅನ್ನುವ ಹಾಗೆ, ದನಿಯಿಲ್ಲದೆ, ವಾಲ್ದಿರನ ಕಪ್ಪು ಬಣ್ಣಕ್ಕೆ ಅದೇ ಮಾತು ಅಂದ. ನೈಮಾ ನನ್ನ ತೊಡೆಯ ಮೇಲಿದ್ದಳು, ಅವನ ಬಾಯನ್ನೇ ನೋಡುತ್ತಿದ್ದಳು. ಹಬ್ಬ ಕೆಡುವುದು ಬೇಡ ಅಂತ ನಾನು ನಕ್ಕೆ, ತೆಲ್ಮಾ. ಸಾಂಡ್ರೊ ನೋಡುವ ಹಾಗೆ, ಬೆಳಕಿಗೆ ಮುಖ ಮಾಡಿಯೇ ನಕ್ಕೆ. ವಾಲ್ದಿರ್ ತಂದುಕೊಟ್ಟ ನೀರನ್ನೂ ಕುಡಿದೆ. ಇದನ್ನು ವಾಲ್ದಿರನಿಗೆ ಓದಿ ಹೇಳು, ಗಟ್ಟಿಯಾಗಿ.