ಮಿಸ್ರಿ ಹಚ್ಚಿದ ಬೆರಳು

ಕಲಬುರಗಿ,
ಮಂಗಳವಾರ, ೧೧ ನವೆಂಬರ್ ೨೦೨೫

ಕಮಲಾಪುರದಲ್ಲಿ ಅಕ್ಕನ ಬಾಳೆತೋಟದ ನೆರಳಿನಲ್ಲಿ ಆರಾಮಾಗಿರುವ ನಮ್ಮ ಮನೆಯವರಿಗೆ ವಿದ್ಯಾವತಿಯ ಶರಣು.

ಫೋನಿರುವಾಗ ಇವಳಿಗೇನು ಕಾಗದದ ಹುಚ್ಚು ಎಂದು ನಗಬೇಡಿ. ಫೋನ್ ಮಾಡಿದರೆ ನೀವು ಸ್ಪೀಕರ್ ಹಾಕುತ್ತೀರಿ, ನಾನಾಡಿದ್ದೆಲ್ಲ ನಿಮ್ಮಕ್ಕ ಅಂಬಕ್ಕನ ಅಡುಗೆಮನೆ ಮುಟ್ಟುತ್ತದೆ. ವಾಟ್ಸಾಪ್‌ನಲ್ಲಿ ಬರೆದರೆ ಒಂದು ಹೆಬ್ಬೆರಳು ಕಳಿಸಿ ಕೈತೊಳೆದುಕೊಳ್ಳುತ್ತೀರಿ. ಅದಕ್ಕೇ ಇದು. ಇಲ್ಲಿನ ಗಂಜ್ ಮಾರ್ಕೆಟ್ಟಿನಲ್ಲಿ ಬಾಳೆಗೊನೆ ಇಳಿಸಿ ತೋಟಕ್ಕೆ ವಾಪಸು ಬರುವ ಇಮಾಮುದ್ದೀನನ ಕೈಯಲ್ಲಿ ಕಳಿಸುತ್ತೇನೆ. ನೀವೊಬ್ಬರೇ ಓದಿ.

ಹೋದ ವಾರ ಆಸ್ಪತ್ರೆಯಲ್ಲಿ ನಿಮ್ಮ ಮೂತ್ರ ಪರೀಕ್ಷೆ ಮಾಡಿ, ಮೈಯಲ್ಲಿ ತಂಬಾಕಿನ ಅಂಶ ಇನ್ನೂ ಇದೆ, ಹೀಗಿದ್ದರೆ ತೂಕ ಇಳಿಸುವ ಆಪರೇಷನ್ ಆಗುವುದಿಲ್ಲ ಎಂದು ಡಾಕ್ಟರು ತಾರೀಖು ರದ್ದು ಮಾಡಿದರಲ್ಲ, ಆವತ್ತು ಸೇಡಂ ರಸ್ತೆಯಲ್ಲಿ ನಿಂತು ನೀವು ಆಣೆ ಮಾಡಿದಿರಿ: "ಶರಣಬಸಪ್ಪನ ಆಣಿ ವಿದ್ಯಾ, ಬೀಡಿ ಮುಟ್ಟಿಲ್ಲ, ಸಿಗರೇಟ್ ಮುಟ್ಟಿಲ್ಲ." ನಾನು ಹೂಂ ಎಂದೆ. ಎಳ್ಳಷ್ಟೂ ನಂಬಲಿಲ್ಲ.

ಹೇಗೆ ನಂಬಲಿ ಹೇಳಿ? ಅಡತಿ ಅಂಗಡಿಯ ಗಾದಿಯ ಮೇಲೆ ಕೂತು, ತೊಗರಿಯ ಧಾರಣೆ ಏರಿದರೂ ಒಂದು ಸಿಗರೇಟು, ಇಳಿದರೂ ಒಂದು ಸಿಗರೇಟು ಸುಟ್ಟವರು ನೀವು. ಬಿಟ್ಟೆ ಬಿಟ್ಟೆ ಎಂದು ನನ್ನ ಮುಂದೆ ಹೇಳಿ, ಬಾಯಿ ತುಂಬ ಏಲಕ್ಕಿ ಅಗಿಯುತ್ತ ಮನೆಗೆ ಬಂದವರು. ಅಂಗಡಿಯಲ್ಲಿ ಜೊತೆಗೆ ಸೇದುವ ಗೆಳೆಯರ ಸಂಗ ತಪ್ಪಲಿ ಎಂದೇ ನಿಮ್ಮನ್ನು ಕಮಲಾಪುರಕ್ಕೆ ಅಟ್ಟಿದ್ದು. ಅಲ್ಲಿ ಹೋದ ಮೇಲೂ ಪರೀಕ್ಷೆಯಲ್ಲಿ ತಂಬಾಕು ಬಂತೆಂದರೆ ನಾನೇನು ತಿಳಿಯಬೇಕು? ನಾಯಿಯ ಬಾಲ ಕಮಲಾಪುರಕ್ಕೆ ಹೋದರೂ ಡೊಂಕೇ ಎಂದುಕೊಂಡೆ.

ನಿಮ್ಮ ಮೇಲೆ ಇಮಾಮುದ್ದೀನನನ್ನು ಕಾವಲಿಟ್ಟಿದ್ದೆ, ಅವನನ್ನು ಬಯ್ಯಬೇಡಿ. ಅವನು ಹೇಳಿದ್ದಿಷ್ಟೇ: "ಅಕ್ಕಾರ, ಸಾವ್ಕಾರ್ರು ದಿನಾ ಮುಂಜಾನಿ ಹಿತ್ತಲಕಡಿ ಹೋಗ್ತಾರ್ರೀ. ಭಾಳ ಹೊತ್ತು ಬರಂಗಿಲ್ಲ. ಏನ್ ಮಾಡ್ತಾರೋ ಅಲ್ಲಾಗೇ ಗೊತ್ತು." ಇಷ್ಟು ಸಾಕಾಯಿತು ನನಗೆ. ಭಾನುವಾರ ರೊಟ್ಟಿಗೆ ಶೇಂಗಾ ಹಿಂಡಿ ಕೊಡಲು ಬಂದೆ ಎಂದು ಅಂಬಕ್ಕನಿಗೆ ಹೇಳಿದ್ದು ಶುದ್ಧ ಸುಳ್ಳು. ನಿಮ್ಮನ್ನು ಹಿಡಿಯಲಿಕ್ಕೆಂದೇ ಮೊದಲನೇ ಬಸ್ಸು ಹತ್ತಿ ಬಂದಿದ್ದೆ.

ಮನೆಯೊಳಗೆ ಕಾಲಿಡದೆ ಸೀದಾ ಹಿತ್ತಲಿಗೆ ಬಂದೆ. ನೋಡಿದರೆ ಅಕ್ಕ ತಮ್ಮ ಇಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಜೋಡಿಯಾಗಿ ಕೂತು, ಬಾಯಲ್ಲಿ ಬೆರಳಿಟ್ಟು ಹಲ್ಲಿಗೆ ಮಿಸ್ರಿ ಪುಡಿ ಹಚ್ಚುತ್ತಿದ್ದಿರಿ! ತುಟಿ ಕರಿ, ಹಲ್ಲು ಕರಿ, ಬೆರಳು ಕರಿ. ಬೆಕ್ಕು ಹಾಲು ಕುಡಿಯುವಾಗ ಮುಚ್ಚುವ ಹಾಗೆ ಕಣ್ಣು ಮುಚ್ಚಿದ್ದಿರಿ. ಕಣ್ಣು ತೆರೆದು ನನ್ನನ್ನು ಕಂಡಾಗ ನಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ ನಿಮಗೆ. ನನಗೋ ನಗು ಬಂದು ಸಿಟ್ಟೇ ಹಾರಿಹೋಯಿತು.

ಆದರೂ ಬಿಡಲಿಲ್ಲ. ನೀವು ಜಳಕಕ್ಕೆ ಹೋದಾಗ ಹಾಸಿಗೆ ಝಾಡಿಸಿದೆ, ಅಂಗಿಯ ಕಿಸೆ ನೋಡಿದೆ, ಪಂಪ್‌ಸೆಟ್ಟಿನ ಕೋಣೆಯಲ್ಲಿ ಬೀಡಿಯ ತುಂಡಿಗಾಗಿ ನೆಲ ಮೂಸಿದೆ. ಏನೂ ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂದು ಇನ್ನಷ್ಟು ಅನುಮಾನ ಬಂತು, ಭಾಳ ಶಾಣ್ಯಾ ಆಗಿದ್ದೀರಿ ಎಂದು.

ಹೊರಡುವಾಗ ಅಂಬಕ್ಕ ಕಾಗದದಲ್ಲಿ ಸುತ್ತಿ ಒಂದು ಪೊಟ್ಟಣ ಕೊಟ್ಟಳು. "ನೀನೂ ಹಚ್ಚು ತಗೊ, ಹಲ್ಲು ಗಟ್ಟಿ ಆಗ್ತಾವ. ತಮ್ಮ ಸೂಗಪ್ಪನ ದವಡಿ ನೋವು ಹೋಗೇ ಬಿಟ್ಟದ." ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಸೀಟಿನ ಹೆಣ್ಣುಮಗಳು ಸೀನಿದಳು. ಮತ್ತೆ ಸೀನಿ, ಮೂಗಿಗೆ ಸೆರಗು ಹಿಡಿದು ಕೇಳಿದಳು: "ಏನವ್ವಾ, ತಂಬಾಕ ಒಯ್ಲಾಕತ್ತೀ ಏನು?"

ಅಯ್ಯೋ ಶಿವನೆ! ಪೊಟ್ಟಣ ಮೂಗಿಗೆ ಹಿಡಿದೆ. ತಂಬಾಕನ್ನು ತವೆಯ ಮೇಲೆ ಕರ್ರಗೆ ಹುರಿದು ಕುಟ್ಟಿದರೆ ಮಿಸ್ರಿ ಎಂಬುದು ನನಗೆ ತಿಳಿಯದ್ದೇ? ನಮ್ಮ ಅವ್ವ ಸಾಯುವತನಕ ಹಚ್ಚಿದಳು. ಆದರೆ ನಮ್ಮ ಕಡೆ ಅದನ್ನು ಯಾರು ತಂಬಾಕು ಅಂತಾರೆ? ಅದು ಹಲ್ಲುಪುಡಿ. ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಬೀಡಿ, ಸಿಗರೇಟು, ಗುಟಖಾ, ಜರ್ದಾ ಎಂದು ಒಂದೊಂದೇ ಕೇಳುವಾಗ, ನಾನೂ ಪಕ್ಕದಲ್ಲೇ ಕೂತಿದ್ದೆನಲ್ಲ, ನನಗೇ ಹೊಳೆಯಲಿಲ್ಲ.

ನಿನ್ನೆ ಆಸ್ಪತ್ರೆಗೆ ಹೋಗಿ ಪೊಟ್ಟಣ ಡಾಕ್ಟರ ಟೇಬಲ್ಲಿನ ಮೇಲಿಟ್ಟೆ. ಅವರು ಬೆರಳಿನಿಂದ ಮುಟ್ಟಿ, ಮೂಸಿ, ತಲೆ ಅಲ್ಲಾಡಿಸಿದರು. ಸೇದಿದರೂ ಅಷ್ಟೇ, ಒಸಡಿಗೆ ಹಚ್ಚಿದರೂ ಅಷ್ಟೇ, ರಕ್ತಕ್ಕೆ ಸೇರುತ್ತದೆ ಎಂದರು. ಹೊಟ್ಟೆ ಕತ್ತರಿಸಿ ಹೊಲಿದ ಜಾಗ ತಂಬಾಕಿನಿಂದ ಬೇಗ ಮಾಯುವುದಿಲ್ಲವಂತೆ, ಅಲ್ಲಿ ಸೋರಿದರೆ ಜೀವಕ್ಕೇ ಕುತ್ತು ಬರುತ್ತದಂತೆ. ಮಿಸ್ರಿ ಪೂರ್ತಿ ಬಿಟ್ಟು, ಮತ್ತೆ ಪರೀಕ್ಷೆ ಮಾಡಿಸಿದರೆ ಹೊಸ ತಾರೀಖು ಕೊಡುತ್ತಾರೆ.

ಹಾಗಾಗಿ ನಿಮ್ಮ ಮೇಲೆ ಹೊರಿಸಿದ್ದ ಕಳ್ಳತನವನ್ನು ವಾಪಸು ತೆಗೆದುಕೊಂಡಿದ್ದೇನೆ. ತಪ್ಪಾಯಿತು. ಸುಳ್ಳು ಆಣೆ ಮಾಡಿದವರೆಂದು ಮನಸ್ಸಿನಲ್ಲಿ ಏನೇನೋ ಅಂದುಕೊಂಡೆ.

ಈಗ ನನ್ನ ಅನುಮಾನ ಅಂಬಕ್ಕನ ಮೇಲೆ. ಸಿಟ್ಟಾಗಬೇಡಿ, ಪೂರ್ತಿ ಕೇಳಿ. ಆಪರೇಷನ್ ಎಂದ ದಿನದಿಂದ ಅವಳದು ಒಂದೇ ರಾಗ: "ಶಿವ ಕೊಟ್ಟ ಹೊಟ್ಟಿ ಅದು, ಅದನ್ಯಾಕ ಕೊಯ್ಸಬೇಕು? ಎರಡು ರೊಟ್ಟಿ ಕಮ್ಮಿ ತಿನ್ನು ಅಂದ್ರ ಆಯ್ತು." ಕಮ್ಮಿ ತಿನ್ನು ಅನ್ನುವ ಕೈಯೇ ತಾಟಿಗೆ ಕೆಂಪು ಬಾಳೆಹಣ್ಣು ಸುಲಿದು ಹಾಕುತ್ತದೆ. ಇಷ್ಟು ವರ್ಷ ನಿಮಗೆ ಹಚ್ಚಿಸದ ಮಿಸ್ರಿ ಪರೀಕ್ಷೆಯ ಹೊತ್ತಿಗೇ ಯಾಕೆ ಬಂತು? ದವಡೆ ನೋವಿಗೆ ಲವಂಗ ಇರಲಿಲ್ಲವೆ? ತಮ್ಮನ ಮೇಲಿನ ಮಾಯೆಯಿಂದಲೇ ಮಾಡಿರಬಹುದು, ಆದರೆ ತಿಳಿದೇ ಮಾಡಿದ್ದಾಳೆ ಎಂದು ನನ್ನ ಮನಸ್ಸು ಹೇಳುತ್ತದೆ.

ಅವಳು ನಿಮ್ಮನ್ನು ಹಗಲು ನೋಡುತ್ತಾಳೆ. ಮಲಗಿದಾಗ ನಿಮ್ಮ ಗೊರಕೆ ನಡುವೆ ಉಸಿರು ನಿಲ್ಲುವುದನ್ನು ಕೇಳುವವಳು ನಾನು. ಅದು ಮತ್ತೆ ಬರುವವರೆಗೆ ನನ್ನ ಜೀವ ಕೈಯಲ್ಲಿರುತ್ತದೆ. ಸಕ್ಕರೆ ಏರಿದೆ, ಮೊಣಕಾಲು ಕೈಕೊಟ್ಟಿದೆ, ಮನೆಯ ಮೆಟ್ಟಿಲು ಹತ್ತಲು ನಡುವೆ ಕೂರುತ್ತೀರಿ. ನೀವು ಇನ್ನೂ ಬಹಳ ದಿನ ನನ್ನ ಜೊತೆ ಜಗಳಾಡುತ್ತ ಇರಬೇಕು ರೀ, ನನಗೆ ಬೇಕಾದ್ದು ಅಷ್ಟೇ. ಅದಕ್ಕೇ ಮಿಸ್ರಿಯ ಡಬ್ಬಿ ಮುಟ್ಟದೆ ಗಂಟು ಕಟ್ಟಿಕೊಂಡು ಮನೆಗೆ ಬನ್ನಿ. ಇಲ್ಲಿ ನಿಮ್ಮನ್ನು ಕಾಯಲು ನಾನೊಬ್ಬಳೇ ಸಾಕು.

ಇಂತಿ ನಿಮ್ಮ,
ವಿದ್ಯಾವತಿ

ತಾ.ಕ.: ಮಡಚಿಟ್ಟ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ನರ್ಸ್ ಸಂಘಮಿತ್ರಾ ನಿನ್ನೆ ರಜೆಯಲ್ಲಿದ್ದಳು, ಮರುಪರೀಕ್ಷೆಯ ವಿಷಯ ತಿಳಿಸಲು ಈಗ ಫೋನ್ ಮಾಡಿದ್ದಳು. ಮಿಸ್ರಿಯನ್ನು ಪತ್ತೆ ಹಚ್ಚಿದ ನನ್ನ ಶಾಣ್ಯಾತನವನ್ನೆಲ್ಲ ಕೊಚ್ಚಿಕೊಂಡೆ. ಅವಳು ಹೇಳಿದಳು: "ಅಕ್ಕಾ, ನಿಮ್ ಮನಿಯವ್ರು ಟೆಸ್ಟ್‌ಗಿಂತ ಮೊದಲೇ ನನಗ ಫೋನ್ ಮಾಡಿದ್ರು. ಮಿಸ್ರಿ ಹಚ್ಚಿದ್ರ ಟೆಸ್ಟ್‌ನಾಗ ಬರ್ತದೇನು, ಆಪರೇಷನ್ ಮುಂದ ಹೋಗ್ತದೇನು ಅಂತ ಕೇಳಿದ್ರು. ಹೌದ್ರೀ, ಇವತ್ತೇ ಬಿಡ್ರಿ ಅಂದಿದ್ದೆ. ಅವ್ರು ನಿಮಗ ಹೇಳಿಲ್ಲೇನು?"

ಇಲ್ಲ, ಹೇಳಿಲ್ಲ. ಕೇಳಿ ಖಾತ್ರಿ ಮಾಡಿಕೊಂಡು ಆಮೇಲೂ ಹಚ್ಚಿದಿರಿ. ಆಣೆಯೂ ಸುಳ್ಳಾಗಲಿಲ್ಲ, ತಾರೀಖೂ ತಪ್ಪಿತು. ಪಾಪ, ಅಂಬಕ್ಕನನ್ನು ಸುಮ್ಮನೆ ಬಯ್ದೆ.

ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಆಪರೇಷನ್ನಿಗೆ ಇಷ್ಟು ಹೆದರಿದ್ದೀರೇನು? ನಾನು ಬೀಡಿ ಹುಡುಕುತ್ತ ತಿರುಗಿದೆ, ನಿಮ್ಮ ಮುಖ ನೋಡಲಿಲ್ಲ. ರೀ, ಹೆದರಿಕೆ ನನಗೂ ಇದೆ. ತಾರೀಖು ರದ್ದು ಎಂದು ಡಾಕ್ಟರು ಹೇಳಿದಾಗ ಮೇಲೆ ಮೇಲೆ ಸಿಡಿಮಿಡಿಗೊಂಡೆ, ಒಳಗೆ ಸದ್ಯ, ಬದುಕಿದೆನಪ್ಪ ಎಂದುಕೊಂಡೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಈ ಕಾಗದ ಯಾರ ಕೈಯಲ್ಲೂ ಕೊಡುವುದಿಲ್ಲ. ನಾನೇ ತರುತ್ತೇನೆ. ನೀವು ಓದಿ ಮುಗಿಸುವತನಕ ಎದುರಿಗೆ ಕೂತಿರುತ್ತೇನೆ. ಆಮೇಲೆ ಆಪರೇಷನ್ ಬೇಕೋ ಬೇಡವೋ, ನನ್ನ ಮುಖ ನೋಡಿ ಹೇಳಿ.